ಐನೂರನೇ ನೆಗೆತಕ್ಕೆ ಕ್ರೀಮ್ ಪೈ

ವಿಮಾನದಿಂದ ಧುಮುಕುವವರ ನಮ್ಮ ಕ್ಲಬ್ಬಿನಲ್ಲಿ ಯಾರಾದರೂ ಬಾಯಿತಪ್ಪಿ "ಮೊದಲ ಸಲ" ಅಂದರೆ ಮುಗಿಯಿತು. ಆ "ಮೊದಲ ಸಲ" ಯಾರದೋ ಅವರು ಎಲ್ಲರಿಗೂ ಒಂದು ಪೆಟ್ಟಿಗೆ ಬಿಯರ್ ತರಿಸಬೇಕು. ಹದಿನೆಂಟು ವರ್ಷದಿಂದ ಇಲ್ಲಿ ಪ್ಯಾರಾಶೂಟ್ ಮಡಚುತ್ತಿರುವ ನಾನು ಈ ನಿಯಮದಿಂದಲೇ ಹೊಟ್ಟೆ ಬೆಳೆಸಿದ್ದೇನೆ.

ಗ್ಲೆನಿಸ್ ಟ್ರೆಲೋರ್ ಶಾಲೆಯ ಬಸ್ಸು ಓಡಿಸುವವಳು, ವಯಸ್ಸು ಐವತ್ತೆಂಟು. ಆರು ವರ್ಷದಿಂದ, ಶನಿವಾರ ಗಾಳಿ ಸುಮ್ಮನಿದ್ದರೆ ಎರಡು ಸಲ, ಖುಷಿ ಹೆಚ್ಚಾದರೆ ಮೂರು ಸಲ ವಿಮಾನದಿಂದ ಧುಮುಕುತ್ತಿದ್ದಳು. ಸಲಕ್ಕೆ ಐವತ್ತು ಡಾಲರ್. ಗಂಡ ಆಲ್ಬಿಗೆ ಹೇಳಿದ್ದು ಮಾತ್ರ ತಿಂಗಳಿಗೊಂದೇ. ಅದಕ್ಕಿಂತ ಒಂದು ಹೆಚ್ಚಾದರೂ ಅವಳ ಪ್ಯಾರಾಶೂಟ್ ಮಾರಿ ಆ ದುಡ್ಡನ್ನು ಪ್ರವಾಸಕ್ಕೊಂದು ಕ್ಯಾರವಾನ್ ಕೊಳ್ಳಲು ಹಾಕುವುದೆಂದು ಮಾತಾಗಿತ್ತು. ಅದನ್ನು ಮಾರಿಸಿದರೆ ಇವಳು ಬದುಕಿದ್ದೂ ಸತ್ತಂತೆ. ಹಾಗಾಗಿ ನಾನೂ ಬಾಯಿ ಬಿಟ್ಟಿರಲಿಲ್ಲ.

ಐನೂರನೇ ಸಲ ಇಳಿದವರ ಮುಖಕ್ಕೆ ನಾವು ಕ್ರೀಮ್ ಪೈ ಮೆತ್ತುತ್ತೇವೆ. ಗ್ಲೆನಿಸಳ ಸರದಿ ಬಂದಾಗ ನನ್ನ ಬುದ್ಧಿಗೆ ಮಂಕು ಕವಿದಿತ್ತು. ಊರಿಗಿರುವ ಒಂದೇ ಬೇಕರಿಗೆ ಫೋನು ಮಾಡಿ, "ಮೇಲೆ ಗ್ಲೆನಿಸ್ 500 ಅಂತ ಬರೀರಿ" ಎಂದುಬಿಟ್ಟೆ. ಫೋನೆತ್ತಿದ್ದು ಅಂಗಡಿಯ ಹುಡುಗಿ. ಕ್ರೀಮಿನಲ್ಲಿ ಅಕ್ಷರ ಬರೆದವನು ಯಜಮಾನ. ಯಜಮಾನ ಅಂದರೆ ಆಲ್ಬಿ!

ಶನಿವಾರ ಕೊನೆಯ ವಿಮಾನದಿಂದ ಅವಳು ಗೋಧಿ ಕೂಳೆಯ ಮೇಲೆ ಬಂದಿಳಿದಾಗ, ಏಪ್ರನ್ ಕೂಡ ಬಿಚ್ಚದೆ ಪೈ ಹಿಡಿದು ನಿಂತಿದ್ದವನು ಅವನೇ.

"ತಿಂಗಳಿಗೊಂದರ ಲೆಕ್ಕದಲ್ಲಿ ಐನೂರಕ್ಕೆ ನಲವತ್ತೊಂದು ವರ್ಷ ಚಿಲ್ಲರೆ ಆಗುತ್ತಲ್ಲೇ. ಹದಿನಾರನೇ ವಯಸ್ಸಿಗೇ ಶುರು ಹಚ್ಕೊಂಡಿದ್ಯಾ?" ಎಂದವನೇ ಪೈಯನ್ನು ಅವಳ ಮುಖಕ್ಕೆ ಮೆತ್ತಿದ. "ಮಾತು ಅಂದ್ರೆ ಮಾತು. ಪ್ಯಾರಾಶೂಟ್ ಮಾರು."

ಅವಳು ತುಟಿಯ ಮೇಲಿನ ಕ್ರೀಮು ನೆಕ್ಕಿದಳು. "ಆರು ವರ್ಷದಲ್ಲಿ ನಾನು ಇಳಿಯೋದನ್ನ ನೀನು ನೋಡಿದ್ದು ಇದೇ ಮೊದಲ ಸಲ ಕಣೋ."

"ಮೊದಲ ಸಲವಂತೆ. ಪೆಟ್ಟಿಗೆ ತರ್ಸಪ್ಪಾ ಆಲ್ಬಿ," ಎಂದೆ. ತಪ್ಪು ಮಾಡಿದವಳು ನಾನು, ದಬಾಯಿಸಿದವಳೂ ನಾನೇ.

ಗೊಣಗಿಕೊಂಡೇ ತರಿಸಿದ. ಎರಡನೇ ಬಾಟಲಿ ಮುಗಿದ ಮೇಲೆ ಅವಳನ್ನು ಕೇಳಿದ: "ಮೇಲಿಂದ ನಮ್ಮ ಬೇಕರಿ ಕಾಣ್ಸುತ್ತಾ?"

"ವಿಮಾನದ ಬಾಗಿಲು ತೆಗೀತಿದ್ದ ಹಾಗೇ ಅದನ್ನೇ ಹುಡುಕ್ತೀನಿ. ಕೆಂಪು ತಗಡಿನ ಸೂರು. ಅದು ಕಂಡ್ಮೇಲೇ ಧುಮುಕೋದು."

ಆಲ್ಬಿ ಏಪ್ರನ್ ಜೇಬಿನಿಂದ ಹಿಟ್ಟು ಮೆತ್ತಿದ ಐವತ್ತರ ನೋಟು ತೆಗೆದು ನನ್ನ ಕೈಗಿಟ್ಟ. "ಮುಂದಿನ ಶನಿವಾರ ಇವಳ ಟಿಕೆಟ್ಟಿಗೆ. ಅಷ್ಟರಲ್ಲಿ ತಗಡಿಗೆ ಬಣ್ಣ ಹೊಡಿಸಿರ್ತೀನಿ."

ಗ್ಲೆನಿಸ್ ಅಳುತ್ತಿದ್ದಳು. ಅಳುವಾಗಲೂ ತನ್ನ ಬುದ್ಧಿ ಬಿಡಲಿಲ್ಲ. "ಆಲ್ಬಿ ನನ್ನ ಟಿಕೆಟ್ಟಿಗೆ ದುಡ್ಡು ಕೊಟ್ಟಿದ್ದು ಇದೇ ಮೊದಲ ಸಲ," ಎಂದಳು.

ಇನ್ನೊಂದು ಪೆಟ್ಟಿಗೆ ಬಂತು.