ಕಪ್ಪು ಕಾರಿನ ಮೇಲೆ ಎರಡು ಬಿಳಿ ಪಟ್ಟೆ

ಕಾರಿಗೆ ಪಟ್ಟೆ ಎಳೆಯಲು ಹೇಳಿದವಳು ನಾನು. ದಾದಾಪೀರಣ್ಣ ತಮ್ಮ ಇಷ್ಟಕ್ಕೆ ಎಳೆದದ್ದಲ್ಲ, ನನ್ನ ಅಣ್ಣನ ಮಾತು ಮೀರಿದ್ದೂ ಅಲ್ಲ. ನಾನು ಫೋನ್ ಮಾಡಿದೆ, ಸುಳ್ಳು ಹೇಳಿದೆ, ಎಳೆಸಿದೆ. ಆಮೇಲೆ ಅವರ ಕಣ್ಣೆದುರಿಗೇ ನಿಂತು ‘ನಾನು ಹೇಳಿಲ್ಲ’ ಎಂದೆ.

ಇದನ್ನು ಬರೆಯುವಾಗಲೂ ನನಗೆ ಸಿಟ್ಟೇ ಬರುತ್ತಿದೆ, ಅಳು ಬರುತ್ತಿಲ್ಲ. ಅತ್ತುಕೊಂಡು ಬರೆದರೆ ಓದುವವರು ಪಾಪ ಎನ್ನುತ್ತೀರಿ. ಅದು ನನಗೆ ಬೇಡ.

ನನ್ನ ಅಣ್ಣ ಕೊಟ್ರೇಶನಿಗೆ ದಾವಣಗೆರೆಯಲ್ಲಿ ಪೈಪು, ಮೋಟಾರುಗಳ ಅಂಗಡಿ. ನಾವು ಬೆಳೆದದ್ದು ಹರಿಹರದಲ್ಲಿ. ದಾದಾಪೀರಣ್ಣನ ಮನೆ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ. ಇಬ್ಬರೂ ಒಂದೇ ಶಾಲೆ, ಒಂದೇ ಬೆಂಚು, ಹೊಳೆಗೆ ಈಜಲು ಹೋಗಿ ಒಟ್ಟಿಗೇ ಏಟು ತಿಂದವರು. ದೊಡ್ಡವರಾದ ಮೇಲೆ ಅವರು ಹರಿಹರದ ಹೊರಗೆ, ಹಳೆಯ ಹೆದ್ದಾರಿಯ ಪಕ್ಕ, ಗಾಡಿಗಳಿಗೆ ಬಣ್ಣ ಹೊಡೆಯುವ ಶೆಡ್ ಹಾಕಿಕೊಂಡರು. ಅಪ್ಪ ತೀರಿಕೊಂಡ ದಿನ ಮಣ್ಣು ಮುಗಿಯುವ ತನಕ ಅಣ್ಣನ ತೋಳು ಹಿಡಿದು ನಿಂತಿದ್ದವರು ಅವರೇ. ನಮ್ಮ ನೆಂಟರ್ಯಾರೂ ಅಲ್ಲ.

ಕಾರು — ಹಳೆಯ ಕಾಂಟೆಸ್ಸಾ. ಉದ್ದ ಮೂತಿ, ಅಗಲ ಮೈ. ಈಗಿನ ಹುಡುಗರು ನಮ್ಮ ದೇಶದ ‘ಮಸಲ್ ಕಾರ್’ ಎಂದು ಮೊಬೈಲಿನಲ್ಲಿ ಹುಡುಕಿ ನೋಡುವ ಗಾಡಿ. ಚಿತ್ರದುರ್ಗದ ಯಾರದೋ ಹಿತ್ತಲಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಆ ಗಾಡಿಯನ್ನು ಅಣ್ಣ ಲಾರಿಯ ಮೇಲೆ ಹಾಕಿಸಿಕೊಂಡು ತಂದು ದಾದಾಪೀರಣ್ಣನ ಶೆಡ್ಡಿನಲ್ಲಿ ಇಳಿಸಿದ. ಅದನ್ನು ಮತ್ತೆ ಓಡುವಂತೆ ಮಾಡುವುದೇ ಇಬ್ಬರಿಗೂ ಹುಚ್ಚಾಯಿತು.

ಆ ಹುಚ್ಚು ನನಗೂ ಇತ್ತು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನಾನು ವಿದ್ಯಾನಗರದಲ್ಲಿ ಸಂಸಾರ ಮಾಡಿಕೊಂಡು ಶಾಲೆಯಲ್ಲಿ ಗಣಿತ ಕಲಿಸುವವಳು. ಆದರೂ ಭಾನುವಾರ ಬಂದರೆ ಅಣ್ಣನ ಜೊತೆ ಹರಿಹರಕ್ಕೆ ಹೊರಡುತ್ತಿದ್ದೆ. ಬಾಗಿಲುಗಳ ತುಕ್ಕನ್ನು ಉಪ್ಪುಕಾಗದ ಹಿಡಿದು ತಿಕ್ಕಿದ್ದೇನೆ, ಬೆರಳ ತುದಿ ಸುಲಿಯುವ ತನಕ. ಎಲ್ಲೂ ಸಿಗದ ಹಿಂದಿನ ಲೈಟುಗಳನ್ನು ಊರೂರಿಗೆ ವಿಚಾರಿಸಿ ಕೊಲ್ಹಾಪುರದಿಂದ ತರಿಸಿದ್ದು ನಾನು. ಅವತ್ತು ಅಣ್ಣ ಎಲ್ಲರಿಗೂ ಹೇಳಿದ್ದು — ‘ನಮಗೆ ಲೈಟ್ ಸಿಕ್ತು.’ ಆ ‘ನಮಗೆ’ ಎನ್ನುವುದರಲ್ಲಿ ನಾನು ಇರಲಿಲ್ಲ.

ಕಪ್ಪು ಬಣ್ಣ ಹೊಡೆದಾದ ಮೇಲೆ ಶುರುವಾಯಿತು ಪಟ್ಟೆಯ ಮಾತು. ಬಾನೆಟ್ಟಿನಿಂದ ಹಿಡಿದು ಮಾಡಿನ ಮೇಲೆ ಹಾಯ್ದು ಡಿಕ್ಕಿಯ ತನಕ ಎರಡು ಬಿಳಿ ಪಟ್ಟೆ, ರೇಸಿನ ಕಾರುಗಳಿಗೆ ಇರುತ್ತವಲ್ಲ, ಹಾಗೆ. ಹಾಕಿಸಬೇಕೋ ಬೇಡವೋ? ಅಣ್ಣ ಈ ವಾರ ಬೇಕು ಎನ್ನುವನು, ಮುಂದಿನ ವಾರ ಬೇಡ. ಚಹಾದ ಮೇಲೆ ಚಹಾ. ಮೊಬೈಲಿನಲ್ಲಿ ಅಮೆರಿಕದ ಕಾರುಗಳ ಫೋಟೋ. ಯಾರೋ ಗೆಳೆಯ ನಕ್ಕನಂತೆ, ‘ವಿಭೂತಿ ಹಚ್ಚೋ ಮನೆಯೋರು ಕಾರಿಗೆ ನಾಮ ಹಾಕ್ಸಾಕ್ ಹೊಂಟೀರೇನೋ’ ಎಂದು. ಅಷ್ಟಕ್ಕೇ ಅಣ್ಣನ ಮನಸ್ಸು ತಿರುಗಿತು.

ನಾನು ಒಂದೇ ಒಂದು ಸಲ ಬಾಯಿ ಹಾಕಿದೆ. ಕಪ್ಪಿನ ಮೇಲೆ ಎರಡು ಬಿಳಿ ಪಟ್ಟೆ ಎದ್ದು ಕಾಣುತ್ತೆ ಅಣ್ಣ, ಆ ಉದ್ದ ಮೂತಿಗೆ ಅದೇ ಸರಿ, ಎಂದೆ.

‘ನಿನಗೆ ಅದು ಸೀರೆ ಅಂಚು ಕಂಡಂಗ್ ಕಾಣ್ತೈತೆ ನೋಡು. ಹೋಗಿ ಚಾ ಹೇಳಿ ಬಾ ಹೋಗು’ ಎಂದ ಅಣ್ಣ. ಎಲ್ಲರೂ ನಕ್ಕರು. ದಾದಾಪೀರಣ್ಣನೂ — ಜೋರಾಗಿ ಅಲ್ಲ, ಆದರೆ ನಕ್ಕರು. ನಾನು ಹೋಗಿ ಚಹಾ ಹೇಳಿ ಬಂದೆ.

ಆ ಸಿಟ್ಟು ನ್ಯಾಯವಾದದ್ದು ಎಂದು ಇವತ್ತಿಗೂ ಹೇಳುತ್ತೇನೆ. ಆದರೆ ಆ ಸಿಟ್ಟನ್ನು ನಾನು ಯಾರ ತಲೆಗೆ ಕಟ್ಟಿದೆ —

ಕೊನೆಗೆ ಅಣ್ಣ ‘ಪಟ್ಟೆ ಬ್ಯಾಡ, ಕಪ್ಪೇ ಇರ್ಲಿ’ ಎಂದು ದಾದಾಪೀರಣ್ಣನಿಗೆ ತಾನೇ ಹೇಳಿ, ಮನೆಯವರನ್ನು ಕರೆದುಕೊಂಡು ಶ್ರೀಶೈಲಕ್ಕೆ ಹೋದ. ಮಾರನೆಯ ದಿನ ಶಾಲೆಯ ಊಟದ ಬಿಡುವಿನಲ್ಲಿ ನಾನು ದಾದಾಪೀರಣ್ಣನಿಗೆ ಫೋನ್ ಮಾಡಿದೆ. ಅದಕ್ಕೂ ಮುಂಚೆ ಯಾವತ್ತೂ ಅವರಿಗೆ ನಾನಾಗಿ ಫೋನ್ ಮಾಡಿದವಳಲ್ಲ.

‘ಅಣ್ಣ ಮನಸ್ಸು ಬದಲಾಯಿಸಿದ್ದಾನೆ. ಎರಡು ಪಟ್ಟೆ ಎಳೆದುಬಿಡಿ.’

‘ಖರೇನಾ ಸುಮಕ್ಕ? ಬ್ಯಾಡೇ ಬ್ಯಾಡ ಅಂದು ಹೋದ್ನಲ್ಲ.’

‘ಹೋಗ್ತಾ ಹೇಳಿದ. ಅವನಿಗೆ ಫೋನ್ ಮಾಡೋಕೆ ಹೋಗ್ಬೇಡಿ, ಅಲ್ಲಿ ಸಿಗ್ನಲ್ ಸಿಗೋಲ್ಲ.’

‘ಆಗ್ಲಿ ಬಿಡ್ರಿ. ನಂಗೂ ಪಟ್ಟೆ ಇದ್ರೇ ಚಂದ ಅನ್ನಿಸ್ತಿತ್ತು’ ಎಂದರು. ಸಂತೋಷಪಟ್ಟರು, ಪಾಪ. ನನ್ನ ಮಾತಿಗೆ ಸೈ ಅಂದ ಒಬ್ಬರೇ ಒಬ್ಬರು ಅವರು. ಅವರನ್ನೇ ನಾನು —

ಅಣ್ಣ ಶ್ರೀಶೈಲದಿಂದ ಬಂದವನೇ ನನ್ನನ್ನೂ ತನ್ನ ಹೆಂಡತಿಯ ತಮ್ಮ ಗುರುಸಿದ್ಧನನ್ನೂ ಕೂರಿಸಿಕೊಂಡು ಕಾರು ತರಲು ಹರಿಹರಕ್ಕೆ ಹೋದ. ದಾದಾಪೀರಣ್ಣ ಹಬ್ಬದ ಹಾಗೆ ಕಾರಿನ ಮೇಲಿನ ಬಟ್ಟೆ ಎಳೆದರು. ನೋಡಲು ಎಷ್ಟು ಚೆನ್ನಾಗಿತ್ತು! ಇವತ್ತು ಹೇಳಲು ನಾಚಿಕೆಯಾಗುತ್ತದೆ, ಆ ಕ್ಷಣ ನನಗೆ ಹೆಮ್ಮೆಯಾಯಿತು. ನಾನು ಹೇಳಿದ ಹಾಗೇ ಕಾಣುತ್ತಿತ್ತು.

ಅಣ್ಣನ ಮುಖ ಕೆಂಪಾಯಿತು. ‘ಯಾರ್ ಹೇಳಿದ್ರೋ ನಿನಗೆ ಇದನ್ನ ಹಾಕು ಅಂತ?’

ದಾದಾಪೀರಣ್ಣ ನನ್ನ ಕಡೆ ನೋಡಿದರು. ‘ಸುಮಕ್ಕಾರು...’ ಎಂದು ಶುರು ಮಾಡಿದರು.

‘ನಾನಾ? ನಾನ್ಯಾವಾಗ ನಿಮ್ಮ ಹತ್ರ ಮಾತಾಡಿದ್ದೆ?’

ಅಷ್ಟೇ ನಾನು ಅಂದದ್ದು. ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ. ಅಣ್ಣ ಬೈದರೆ ಬೈಯುತ್ತಿದ್ದ, ಒಂದು ತಿಂಗಳು ಮಾತು ಬಿಡುತ್ತಿದ್ದ. ಅಷ್ಟಕ್ಕೆ ಹೆದರಿದೆ.

ಆಗ ಗುರುಸಿದ್ಧ ಒಂದು ಹೆಜ್ಜೆ ಮುಂದೆ ಬಂದ. ದನಿ ಏರಿಸಲಿಲ್ಲ. ‘ಅಲ್ಲ, ನಮ್ಮನಿ ಹೆಣ್ಮಗಳು ನಿನ್ನ ಜೊತೆ ಯಾಕ ಮಾತಾಡ್ತಾಳೆ? ಏನ್ ಹೇಳಾಕ್ ಹೊಂಟೀಯ ನೀನು?’ ಎಂದ.

ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದವರು ಕೈ ನಿಲ್ಲಿಸಿದರು. ದಾದಾಪೀರಣ್ಣನ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಮುಂದಿನ ಮಾತು ಏನು ಬಂದರೂ ಅದು ಪಟ್ಟೆಯ ಮಾತಾಗಿ ಉಳಿಯುವುದಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು. ಈ ಊರಿನಲ್ಲಿ, ಈ ಕಾಲದಲ್ಲಿ, ಒಬ್ಬ ಸಾಬರ ಗಂಡಸು ‘ನಿಮ್ಮ ತಂಗಿ ನನಗೆ ಫೋನ್ ಮಾಡಿದ್ದಳು’ ಎಂದರೆ ಸಂಜೆಯೊಳಗೆ ಶೆಡ್ಡಿನ ಮುಂದೆ ಎಷ್ಟು ಬೈಕು ನಿಲ್ಲುತ್ತವೆ ಎಂದು ದಾದಾಪೀರಣ್ಣನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಇದನ್ನೇ ನಾನು ಇಷ್ಟು ವರ್ಷ ಮುಚ್ಚಿಟ್ಟದ್ದು — ಸುಳ್ಳನ್ನಲ್ಲ, ಅವರು ಬಾಯಿ ಬಿಡಲಾರರು ಎಂದು ನನಗೆ ಗೊತ್ತಿತ್ತು ಎಂಬುದನ್ನು. ಅವರ ಬಾಯಿ ಕಟ್ಟಿರುವುದನ್ನು ನೋಡಿ ನನಗೆ ಸಮಾಧಾನವಾಯಿತು. ಸಮಾಧಾನ!

‘ತಪ್ಪಾತು ಕೊಟ್ರೇಶಿ. ನಾನೇ ತಪ್ಪು ತಿಳ್ಕಂಡೆ’ ಎಂದರು ದಾದಾಪೀರಣ್ಣ.

ಅಣ್ಣ ಕಾರಿನ ಬಾನೆಟ್ಟಿಗೆ ಅಂಗೈಯಿಂದ ಬಡಿದ. ‘ನಿಮ್ಮೋರನ್ನ ನಂಬಬ್ಯಾಡ ಅಂತ ಮಂದಿ ಬಡ್ಕೊಂಡ್ರು. ನಾನೇ ಕೇಳ್ಲಿಲ್ಲ’ ಎಂದ.

ಒಂದೇ ಬೆಂಚಿನಲ್ಲಿ ಕೂತು ಬೆಳೆದವನಿಗೆ ಹೇಳಿದ ಮಾತು ಅದು. ದಾದಾಪೀರಣ್ಣ ಕೀಲಿ ತಂದು ಬಾನೆಟ್ಟಿನ ಮೇಲಿಟ್ಟು ಒಳಗೆ ಹೋದರು.

ಅಣ್ಣ ದಾವಣಗೆರೆಯಲ್ಲಿ ಬೇರೆಯವರ ಹತ್ತಿರ ಪಟ್ಟೆಗಳ ಮೇಲೆ ಕಪ್ಪು ಹೊಡೆಸಿದ. ಇಳಿಬಿಸಿಲಿಗೆ ನಿಲ್ಲಿಸಿದರೆ ಅವುಗಳ ಅಂಚು ಈಗಲೂ ಉಬ್ಬಿ ಕಾಣುತ್ತದೆ. ಅಣ್ಣನ ಮುಖಾಂತರ ಆ ಶೆಡ್ಡಿಗೆ ಬರುತ್ತಿದ್ದ ಹಳೆಯ ಕಾರುಗಳ ಶೋಕಿಯವರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಶೆಡ್ ಮುಚ್ಚಿತು. ದಾದಾಪೀರಣ್ಣ ಹರಿಹರದಲ್ಲೇ ಇನ್ನೊಬ್ಬರ ಕೈಕೆಳಗೆ ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ಬಣ್ಣ ಹೊಡೆಯಲು ನಿಂತರು. ಇದೆಲ್ಲ ನನಗೆ ಗೊತ್ತಾಗುತ್ತಲೇ ಇತ್ತು. ನಾನು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾ ಇದ್ದೆ.

ಅವರ ಮೇಲೆ ನನಗೆ ಸಿಟ್ಟಿತ್ತು ಎಂದರೆ ನಂಬುತ್ತೀರಾ? ಯಾಕೆ ಒಂದು ಮಾತು ತಿರುಗಿ ಆಡಲಿಲ್ಲ, ಫೋನ್ ತೆಗೆದು ನನ್ನ ಕರೆ ತೋರಿಸಬಾರದಿತ್ತೇ ಎಂದು ಒಳಗೊಳಗೇ ಅವರನ್ನೇ ಬೈಯುತ್ತಿದ್ದೆ. ಅನ್ಯಾಯ ಮಾಡಿದವಳಿಗೆ ಎಷ್ಟು ಸಲೀಸು!

ಆ ಸುಳ್ಳು ಸುಮ್ಮನೆ ಬಿದ್ದಿರಲಿಲ್ಲ, ಬೆಳೆಯಿತು. ಮದುವೆ, ತೊಟ್ಟಿಲು, ಗೃಹಪ್ರವೇಶ — ನೆಂಟರು ಸೇರಿದಲ್ಲೆಲ್ಲ ಅಣ್ಣ ‘ಪಟ್ಟೆ ಕಥೆ’ ಹೇಳುವನು. ಹೇಳುತ್ತಾ ಹೇಳುತ್ತಾ ಅದರಲ್ಲಿ ದಾದಾಪೀರಣ್ಣ ಹೆಚ್ಚು ಹೆಚ್ಚು ಕಪಟಿಯಾಗುತ್ತಾ ಹೋದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ನಗದಿದ್ದರೆ ಅನುಮಾನ ಬರುತ್ತದಲ್ಲ.

ಹೋದ ವರ್ಷ ಅಣ್ಣನ ಮಗಳು ಸ್ನೇಹಾ ಕಾಲೇಜಿಗೆ ಸೇರಿದಳು. ಆಯಿಷಾ ಎಂಬ ಹುಡುಗಿ ಅವಳಿಗೆ ಜೀವದ ಗೆಳತಿಯಾದಳು. ರಂಜಾನ್ ಹಬ್ಬಕ್ಕೆ ಅವರ ಮನೆಗೆ ಹೋಗುತ್ತೇನೆ ಎಂದಾಗ ಅಣ್ಣ ಮತ್ತೆ ಅದೇ ಕಥೆ ಹೇಳಿ ಬೇಡ ಎಂದ. ಹುಡುಗಿ ನನ್ನ ಹತ್ತಿರ ಬಂದಳು. ‘ಅತ್ತೆ, ನೀವೂ ಅಲ್ಲಿದ್ರಂತಲ್ಲ. ಅಪ್ಪ ಹೇಳೋದು ಖರೇನಾ?’

‘ಹೌದು’ ಎಂದೆ. ಎರಡನೆಯ ಸಲ. ಈ ಸಲ ಹೆದರಿಕೆಯೂ ಇರಲಿಲ್ಲ, ರೂಢಿಯಾಗಿಬಿಟ್ಟಿತ್ತು.

ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ ಅಣ್ಣನ ಮನೆಗೆ ಊಟಕ್ಕೆ ಹೋಗಿದ್ದೆ. ಸ್ನೇಹಾ ಜಗಲಿಯಲ್ಲಿ ಫೋನ್ ಹಿಡಿದು ಯಾರಿಗೋ ಹೇಳುತ್ತಿದ್ದಳು: ‘ಆಯಿಷಾ ಜೊತೆ ಈಗ ಮಾತಿಲ್ಲ ಬಿಡೇ. ಅವ್ರನ್ನ ನಂಬೋಕಾಗಲ್ಲ. ನಮ್ಮತ್ತೆ ಕಣ್ಣಾರೆ ನೋಡಿದ್ದಾರೆ.’

ನನ್ನನ್ನೇ ಸಾಕ್ಷಿ ಮಾಡಿಕೊಂಡು ಆ ಮಾತು ಆಡಿದಳು. ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. ಊಟಕ್ಕೆ ಕೂತಾಗ ರೊಟ್ಟಿ ಮುರಿಯದೆ ಎಲ್ಲವನ್ನೂ ಹೇಳಿದೆ. ಫೋನ್ ಮಾಡಿದ್ದು, ಸಿಗ್ನಲ್ ಇಲ್ಲ ಎಂದದ್ದು, ಆಮೇಲೆ ಶೆಡ್ಡಿನಲ್ಲಿ ನಾನು ಹೇಳೇ ಇಲ್ಲ ಎಂದದ್ದು.

ಅಣ್ಣ ತುತ್ತನ್ನು ಬಟ್ಟಲಲ್ಲೇ ಇಟ್ಟ. ‘ಈಗ್ಯಾಕ ಹೇಳ್ತಿ ಇದನ್ನ? ಆಗಿದ್ದು ಆಗೈತೆ, ಬಿಡು. ಅವ್ನೇನು ಸಾಚಾ ಅಲ್ಲ’ ಎಂದ.

‘ಯಾವುದ್ರಲ್ಲಿ ಸಾಚಾ ಅಲ್ಲ? ಒಂದು ಹೇಳು.’

‘ನಿನ್ನಿಂದಾಗಿ ನಾನು ಅವನಿಗೆ ಅಂಥಾ ಮಾತು ಅಂದೆ’ ಎಂದು ಬಟ್ಟಲು ತಳ್ಳಿದ.

‘ಸುಳ್ಳು ನನ್ನದು ಅಣ್ಣ. ಆ ಮಾತು ನಿನ್ನದೇ’ ಎಂದೆ. ಅವತ್ತಿನಿಂದ ಅವನು ನನ್ನ ಜೊತೆ ಮಾತಾಡಿಲ್ಲ. ಸ್ನೇಹಾ ಎದ್ದು ಕೈ ತೊಳೆದು ಒಳಗೆ ಹೋದಳು, ನನ್ನ ಮುಖ ನೋಡಲಿಲ್ಲ.

ಮರುದಿನ ಹರಿಹರಕ್ಕೆ ಹೋದೆ. ದಾದಾಪೀರಣ್ಣ ಮನೆಯ ಮುಂದೆ ಕೈಗೆ ಅಂಟಿದ ಬಣ್ಣವನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆಯುತ್ತಿದ್ದರು. ಬರ್ರಿ ಎನ್ನಲಿಲ್ಲ. ಅವರ ಹೆಂಡತಿ ಕುರ್ಚಿ ತಂದಿಟ್ಟರು, ನಾನು ಕೂರಲಿಲ್ಲ. ಅಣ್ಣನಿಗೆ ಹೇಳಿದ್ದೇನೆ ಎಂದೆ.

‘ಒಂದು ಕೇಳ್ತೀನಿ ಸುಮಕ್ಕ’ ಎಂದರು. ‘ಅವತ್ತು ನಾನು ಬಾಯಿ ಬಿಟ್ಟಿದ್ರೆ ನಮ್ಮನಿ ಗತಿ ಏನಾಗ್ತಿತ್ತು ಅಂತ ನಿಮಗೆ ಗೊತ್ತಿತ್ತಾ?’

‘ಗೊತ್ತಿತ್ತು.’

‘ಇಷ್ಟು ವರ್ಷ ನಾನು, ಪಾಪ, ಅವ್ರಿಗೆ ಗೊತ್ತಿರಲಿಕ್ಕಿಲ್ಲ ಅಂದ್ಕಂಡಿದ್ದೆ.’ ಕೈ ಒರೆಸಿಕೊಂಡರು. ‘ಮಾಫಿ ಮಾತ್ರ ಕೇಳಬ್ಯಾಡ್ರಿ. ಕೊಡೋ ಮನಸು ಇಲ್ಲ ನನಗೆ. ನೀವು ಹೇಳಿ ಹಗುರಾಗಿ ಹೋಗ್ತೀರಿ. ನನ್ನ ಬಗ್ಗೆ ನಕ್ಕೋರಿಗೆಲ್ಲ ಯಾರು ಹೇಳ್ತಾರೆ?’

ನಾನು ಕೇಳಲಿಲ್ಲ. ಕೇಳುವ ಯೋಗ್ಯತೆಯೂ ನನಗಿಲ್ಲ.

ಮೊನ್ನೆ ಕುಕ್ಕುವಾಡದಲ್ಲಿ ನಮ್ಮ ಚಿಕ್ಕಪ್ಪನ ಮೊಮ್ಮಗನ ನಾಮಕರಣ. ಊಟದ ಪಂಕ್ತಿಯಲ್ಲಿ ಯಾರೋ ಅಣ್ಣನನ್ನು, ‘ಆ ಪಟ್ಟೆ ಕಥೆ ಹೇಳೋ ಕೊಟ್ರೇಶಿ’ ಎಂದು ಕೆಣಕಿದರು. ಅಣ್ಣ ತಲೆ ಎತ್ತಲಿಲ್ಲ. ನಾನು ಎದ್ದು ನಿಂತೆ. ನಾನು ಹೇಳ್ತೀನಿ, ನಿಜವಾಗಿ ಆದದ್ದು, ಎಂದೆ.

ಮೊದಮೊದಲು ನಕ್ಕರು. ಆಮೇಲೆ ನಿಲ್ಲಿಸಿದರು. ಮುಗಿಸಿದಾಗ ದೊಡ್ಡಮ್ಮ, ಎಲ್ಲರಿಗೂ ಕೇಳುವಂತೆ, ‘ಅಯ್ಯ, ಗಂಡ-ಮಕ್ಕಳು ಇರೋಳು ಅವನಿಗ್ಯಾಕ ಫೋನ್ ಹಚ್ಚಿದ್ದೆ ನೀನು?’ ಎಂದಳು. ಹತ್ತಾರು ಕಣ್ಣು ನನ್ನ ಕಡೆ ತಿರುಗಿದವು. ಶೆಡ್ಡಿನಲ್ಲಿ ಗುರುಸಿದ್ಧ ಕೇಳಿದ ಅದೇ ಪ್ರಶ್ನೆ. ಅವತ್ತು ಅದನ್ನು ದಾದಾಪೀರಣ್ಣ ನುಂಗಿಕೊಂಡಿದ್ದರು.

‘ಪಟ್ಟೆ ಎಳೆಸೋಕೆ’ ಎಂದೆ. ಯಾರೂ ನಂಬಿದ ಹಾಗೆ ಕಾಣಲಿಲ್ಲ. ನನ್ನ ಗಂಡ ಎಲೆ ನೋಡುತ್ತಾ ಕೂತಿದ್ದರು.

ಚಿಕ್ಕಪ್ಪ ನನ್ನ ಪಕ್ಕ ಬಂದು ಮೆಲ್ಲಗೆ, ‘ಇದನ್ನೆಲ್ಲ ಇಷ್ಟು ಮಂದಿ ಮುಂದ ಹೇಳಬಾರದವ್ವ’ ಎಂದರು.

‘ಸುಳ್ಳನ್ನ ಇಷ್ಟೇ ಮಂದಿ ಮುಂದೆ ಹೇಳಿದ್ದು ಚಿಕ್ಕಪ್ಪ’ ಎಂದೆ.

ಆ ಕಥೆ ಕೇಳಿ ನಕ್ಕ ಮನೆಗಳು ಇನ್ನೂ ಎಷ್ಟೋ ಇವೆ. ಒಂದೊಂದಕ್ಕೂ ಹೋಗುತ್ತೇನೆ. ಅವರು ಏನಾದರೂ ಅಂದುಕೊಳ್ಳಲಿ, ನನ್ನ ಬಗ್ಗೆಯೇ ಅಂದುಕೊಳ್ಳಲಿ.