ಬೆಣ್ಣೆ ಹೊತ್ತವನ ಚಿಂತೆಗಳು

ಆನೆ ಬರಬಹುದಿತ್ತು. ಹಂಗಳದ ಊರು ದಾಟಿ ಕಾಡು ಹತ್ತಿರವಾದ ಮೇಲೆ ರಸ್ತೆಗೆ ಆನೆ ಬರುವುದು ಹೊಸದೇನಲ್ಲ. ಬಸ್ಸಿನಲ್ಲಿ ಕೂತವರಿಗೆ ಅದೊಂದು ಫೋಟೊ, ನಡೆದು ಹೋಗುವವರಿಗೆ ಅದು ಆನೆಯೇ. ಚಿರತೆ ಬರಬಹುದಿತ್ತು. ಊಟಿ ರಸ್ತೆಯ ಲಾರಿಯವನು ನಮ್ಮನ್ನು ಕಾಣದೆ ಬರಬಹುದಿತ್ತು, ಕಂಡೂ ಬರಬಹುದಿತ್ತು. ಹೊಸ ಶೂ ಕಚ್ಚಬಹುದಿತ್ತು. ಬಿ.ಪಿ. ಮಾತ್ರೆ ಮನೆಯಲ್ಲೇ ಉಳಿಯಬಹುದಿತ್ತು. ಹಾಗಾಗದಿರಲೆಂದು ಅದನ್ನು ಚೀಲದ ಮೂರು ಕಡೆ ಇಟ್ಟುಕೊಂಡಿದ್ದರಿಂದ, ನುಂಗಿದ್ದನ್ನು ಮರೆತು ಮತ್ತೆರಡು ಸಲ ನುಂಗಬಹುದಿತ್ತು. ಯಾರದೋ ಮನೆಯ ಮಜ್ಜಿಗೆ ನನ್ನ ಹೊಟ್ಟೆಗೆ ಒಗ್ಗದೆ ಹೋಗಬಹುದಿತ್ತು. ಮಳೆ ಹಿಡಿಯಬಹುದಿತ್ತು. ಮಳೆ ಹಿಡಿಯದೆ ಬಿಸಿಲು ಹಿಡಿಯಬಹುದಿತ್ತು. ಮನೆಯಲ್ಲಿ ಗ್ಯಾಸ್ ಆಫ್ ಮಾಡದೆ ಬಂದಿರಬಹುದಿತ್ತು. ಮನೆಯಲ್ಲಿ ಹೆಂಡತಿ ಇದ್ದಳು, ಅಡುಗೆ ಮಾಡುತ್ತಲೇ ಇದ್ದಳು, ಆದರೂ. ಇವೆಲ್ಲಕ್ಕಿಂತ ಮಿಗಿಲಾಗಿ ಬೆಣ್ಣೆ ಕರಗಬಹುದಿತ್ತು, ಹಳಸಬಹುದಿತ್ತು, ಅದಕ್ಕೆ ಇರುವೆ ಮುತ್ತಬಹುದಿತ್ತು, ಡಬ್ಬಿಯ ಮುಚ್ಚಳ ಜಾರಿ ನನ್ನ ಎರಡನೇ ಜೊತೆ ಬಟ್ಟೆಯ ಮೇಲೆ ಚೆಲ್ಲಬಹುದಿತ್ತು.

ಇದಾವುದೂ ಆಗಲಿಲ್ಲ. ಆದದ್ದು ಬೇರೆ, ಬಹಳ ಸಣ್ಣದು. ಅದನ್ನು ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿದರೆ ನೀವು ಎದ್ದು ಹೋಗಿಬಿಟ್ಟೀರಿ ಎಂಬುದು ನನ್ನ ಸದ್ಯದ ಚಿಂತೆ.

ಚಿಂತೆ ನನಗೆ ಹುಟ್ಟುಗುಣ. ಸಾಲದೆಂಬಂತೆ ಅದೇ ನನ್ನ ಜೀವನೋಪಾಯವೂ ಆಯಿತು. ಚಾಮರಾಜನಗರದಲ್ಲಿ ನಾನು ವಿಮೆ ಏಜೆಂಟ್. ಚೆನ್ನಾಗಿ ಉಂಡು ಜಗಲಿಯ ಮೇಲೆ ಕೂತವರ ಮುಂದೆ ಕೂತು, ನಾಳೆ ಏನೇನಾಗಬಹುದು ಎಂದು ಮೆಲ್ಲಗೆ ವಿವರಿಸುವುದು ನನ್ನ ಕೆಲಸ. ಬೇರೆ ಏಜೆಂಟರು ಇದನ್ನು ತರಬೇತಿಯಲ್ಲಿ ಕಲಿಯುತ್ತಾರೆ. ನನಗೆ ಮನಸ್ಸಿನಲ್ಲಿದ್ದದ್ದನ್ನು ಹೇಳಿದರೆ ಸಾಕು.

ಇಂಥವನು ಶ್ರಾವಣದಲ್ಲಿ ಉಮ್ಮತ್ತೂರಿನಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟದವರೆಗೆ ನಡೆಯುವವರ ಜೊತೆ ಸೇರಿದ್ದು ಹೇಗೆ ಎಂದರೆ, ಡಾಕ್ಟರು ದಿನವೂ ನಡೆಯಿರಿ ಎಂದರು. ದಿನವೂ ನಡೆದರೆ ಮಂಡಿ ಸವೆದೀತೆಂದು ಹೆದರಿ, ವರ್ಷದ್ದನ್ನೆಲ್ಲ ಒಟ್ಟಿಗೇ ನಡೆದುಬಿಡೋಣ ಎಂದುಕೊಂಡೆ. ನಮ್ಮ ಗುಂಪಿಗೆ ಹೆಸರಿಲ್ಲ, ಬ್ಯಾನರಿಲ್ಲ. ಉಮ್ಮತ್ತೂರಿನಲ್ಲಿ ಅರಿಸಿನ ಬೆಳೆಯುವ ಶಿವಮಲ್ಲಣ್ಣ ಮುಂದೆ ನಡೆಯುತ್ತಾನೆ, ಉಳಿದವರು ಅವನ ಟವೆಲ್ ನೋಡಿಕೊಂಡು ಹಿಂದೆ ನಡೆಯುತ್ತೇವೆ. ನಮ್ಮಲ್ಲಿ ಹೆಚ್ಚಿನವರ ಮನೆದೇವರು ಮಾದಪ್ಪ, ಹಣೆಯ ಮೇಲೆ ವಿಭೂತಿ. ಆದರೂ ದನಕರುವಿನ ವಿಚಾರ ಬಂದರೆ ಗೋಪಾಲಸ್ವಾಮಿಯ ಬಳಿಗೇ ಹೋಗುತ್ತೇವೆ. ಇದರಲ್ಲಿ ಯಾರಿಗೂ ಗೊಂದಲವಿಲ್ಲ. ಹಲ್ಲು ನೋವಿಗೆ ಯಾರಾದರೂ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತಾರೆಯೇ?

ಈ ನಡಿಗೆಯ ಒಂದು ವಿಚಿತ್ರವೆಂದರೆ, ನಾನು ಬಸ್ಸಿನಲ್ಲಿ ಉಮ್ಮತ್ತೂರಿಗೆ ಹೋಗಿ, ಅಲ್ಲಿಂದ ಇಡೀ ದಿನ ನಡೆದು, ಸಂಜೆ ಬಂದು ಸೇರುವುದು ನನ್ನ ಮನೆಯನ್ನೇ. ಮೊದಲ ರಾತ್ರಿ ನಮ್ಮೆಲ್ಲರ ತಂಗುದಾಣ ಅದು. ನನ್ನ ಹೆಂಡತಿ ಬಾಗಿಲಲ್ಲಿ ಬಿಸಿನೀರಿಟ್ಟುಕೊಂಡು ಎಲ್ಲರಿಗೂ 'ಬನ್ನಿ, ಕಾಲು ತೊಳ್ಕೊಳ್ಳಿ' ಎನ್ನುವಾಗ ನನಗೂ ಅದೇ ಮರ್ಯಾದೆ ಸಿಗುತ್ತದೆ. ಆ ಮರ್ಯಾದೆಗಾಗಿಯೇ ಮೂರ್ನಾಲ್ಕು ದಿನ ನಡೆದರೂ ನಷ್ಟವಿಲ್ಲ ಎಂದು ಒಮ್ಮೆ ಅವಳೆದುರೇ ಹೇಳಿದೆ. ಮಾರನೇ ದಿನವೇ ಕಾಫಿಗೆ ನಾನೇ ಏಳಬೇಕಾಯಿತು.

ಇನ್ನು ಬೆಣ್ಣೆಯ ವಿಚಾರ. ಉಮ್ಮತ್ತೂರಿನ ಪುಟ್ಟತಾಯವ್ವ ಪ್ರತಿ ವರ್ಷ ನಮ್ಮ ಜೊತೆ ನಡೆಯುತ್ತಿದ್ದವರು. ಜೊತೆ ಎಂದರೆ ಮುಂದೆ. ಶಿವಮಲ್ಲಣ್ಣನ ಟವೆಲ್ಲಿಗಿಂತಲೂ ಮುಂದೆ. ವಯಸ್ಸಿನಲ್ಲಿ ನನ್ನ ತಾಯಿಯಷ್ಟಿದ್ದರೂ ನಾನು ಎಲ್ಲಾದರೂ ಕಲ್ಲಿನ ಮೇಲೆ ಕೂತರೆ ತಿರುಗಿ ಬಂದು, 'ಏನಪ್ಪ, ಬೇರು ಬುಟ್ಬುಟ್ಟಾ?' ಎಂದು ಕೇಳುವವರು. ಅವರ ಹಸು ಹಿಂದೆ ಎರಡು ಸಲ ಈದರೂ ಕರು ಉಳಿದಿರಲಿಲ್ಲ. ಈ ಸಲ ಹೆಣ್ಣುಗರು ಹುಟ್ಟಿ, ಎದ್ದು ನಿಂತು, ಹಾಲು ಕುಡಿದಿತ್ತು. ಕರು ಉಳಿದರೆ ಮೊದಲ ಬೆಣ್ಣೆಯನ್ನು ನಡೆದೇ ಬಂದು ಒಪ್ಪಿಸುತ್ತೇನೆ ಎಂದು ಅವರು ಹರಕೆ ಹೊತ್ತಿದ್ದರು. ಕರು ಉಳಿಯಿತು, ಅವರ ಮಂಡಿ ಹೋಯಿತು.

ಹೊರಡುವ ಬೆಳಿಗ್ಗೆ ಅವರು ಕೋಲೂರಿಕೊಂಡು ಬಂದರು. ಕೈಯಲ್ಲಿ ಸ್ಟೀಲ್ ಡಬ್ಬಿ, ಅದರ ಬಾಯಿಗೆ ಬಿಳಿ ಬಟ್ಟೆ ಬಿಗಿದಿತ್ತು. ಶಿವಮಲ್ಲಣ್ಣ ಕೈ ಚಾಚಿದ. ಅವರು ಅವನನ್ನು ದಾಟಿ ನನ್ನ ಮುಂದೆ ನಿಂತರು.

"ಇವ್ನ ಕೈಲಿ ಕೊಟ್ರ ದಾರಿಲಿ ಎಲ್ಲಾರು ಇಟ್ಬುಟ್ಟು ಮಾತಾಡ್ತಾ ಓಯ್ತನ. ನೀನು ಎದ್ರುಪುಕ್ಲ. ಎದ್ರೋನು ವಸ್ತುವ ಕೈ ಬುಡಲ್ಲ," ಎಂದರು. ನನ್ನ ಸ್ವಭಾವಕ್ಕೆ ಸಿಕ್ಕ ಮೊದಲ ಪ್ರಶಸ್ತಿ ಅದು. ಆಮೇಲೆ ದನಿ ತಗ್ಗಿಸಿ, "ಅಲ್ಲಿ ಎಸ್ರು ಕೇಳ್ತರ. ನನ್ ಎಸ್ರು ಬ್ಯಾಡ. ಕರಿನ ಎಸ್ರು ಏಳು. ಚೆಲುವಿ ಅಂತ," ಎಂದರು.

ಕರುವಿನ ಹೆಸರು ಚೆಲುವಿ. ಮರೆಯುವಂಥ ಹೆಸರೇ ಅಲ್ಲ. ಹಾಗಾಗಿ ಅದೊಂದನ್ನು ಬಿಟ್ಟು ಉಳಿದುದಕ್ಕೆಲ್ಲ ಚಿಂತಿಸತೊಡಗಿದೆ.

ಹಿಂದಿನವರು ದೂರವನ್ನು ಎಷ್ಟು ಚೆನ್ನಾಗಿ ಅಳೆಯುತ್ತಿದ್ದರು ಎಂದು ನಡೆಯುವಾಗ ನನಗೆ ಅನ್ನಿಸುತ್ತದೆ. ಕೂಗಿದರೆ ಕೇಳಿಸುವಷ್ಟು ದೂರ ಕೂಗಳತೆ. ಅದರ ಮೇಲೆ ಹರದಾರಿ, ಅದರ ಮೇಲೆ ಗಾವುದ. ಹರದಾರಿ ಎಂದರೆ ಇಷ್ಟು ಮೈಲಿ, ಗಾವುದ ಎಂದರೆ ಇಷ್ಟು ಎಂದು ತಿಳಿದವರು ಲೆಕ್ಕ ಕೊಡುತ್ತಾರೆ. ನಮ್ಮ ದಾರಿಯಲ್ಲಿ ಚಾಲ್ತಿಯಲ್ಲಿರುವ ಅಳತೆ ಬೇರೆ, ಅದರ ಹೆಸರು 'ಇಲ್ಲೇಯ'. ಇನ್ನೆಷ್ಟು ದೂರ ಎಂದು ಯಾರನ್ನೇ ಕೇಳಿ, 'ಇಲ್ಲೇಯ ಬುಡಿ' ಎನ್ನುತ್ತಾರೆ. ಒಂದು ಇಲ್ಲೇಯ ಮುಗಿಯುವುದರೊಳಗೆ ಒಂದು ಹೊತ್ತಿನ ಊಟ ಅರಗಿರುತ್ತದೆ. ಮೊದಲೆಲ್ಲ ಅವರು ಸುಳ್ಳು ಹೇಳುತ್ತಾರೆಂದು ಸಿಟ್ಟು ಬರುತ್ತಿತ್ತು. ಆಮೇಲೆ ತಿಳಿಯಿತು, ದಣಿದವನಿಗೆ ದೂರವನ್ನು ನಿಜವಾದ ಅಳತೆಯಲ್ಲಿ ಹೇಳಬಾರದು ಎಂಬ ಸೌಜನ್ಯ ಅದು. ವಿಮೆಯಲ್ಲಿ ನಾವು ಇದನ್ನೇ ತಿರುಗಿಸಿ, ದೂರದ ಅಪಾಯವನ್ನು ಹತ್ತಿರ ತಂದು ಹೆದರಿಸುತ್ತೇವೆ.

ಅರಗುವ ಮಾತು ಬಂತಲ್ಲ, ಈ ದಾರಿಯ ನಿಜವಾದ ಅಪಾಯ ಆನೆಯಲ್ಲ, ಉಪಚಾರ. ಬೆಟ್ಟಕ್ಕೆ ಹೋಗುವವರೆಂದು ಗೊತ್ತಾದರೆ ಸಾಕು, ಅರಿಸಿನದ ಹೊಲದಿಂದ ಒಬ್ಬರು ಮಜ್ಜಿಗೆ ತರುತ್ತಾರೆ, ಬಾಳೆಯ ಮಂಡಿಯವರು ಚಿಪ್ಪು ಚಿಪ್ಪಾಗಿ ಹಣ್ಣು ಕೊಡುತ್ತಾರೆ, ಸಣ್ಣ ಈರುಳ್ಳಿ ಕೀಳುತ್ತಿದ್ದ ಹೆಂಗಸರು ತಮ್ಮ ಬುತ್ತಿ ಬಿಚ್ಚುತ್ತಾರೆ. ಬೇಡ ಎನ್ನುವ ಹಾಗಿಲ್ಲ. ಕೊಟ್ಟವರೆಲ್ಲ ಕೇಳುವುದು ಒಂದೇ: ಅಲ್ಲಿ ನಮ್ಮ ಹೆಸರಲ್ಲೂ ಒಂದು ಸಲ ಕೈ ಮುಗೀರಿ. ಹೀಗೆ ನಡೆಯುವವನು ಬೆಟ್ಟ ಮುಟ್ಟುವ ಹೊತ್ತಿಗೆ ತನ್ನ ಕಾಲಿನಲ್ಲಿ ಎಷ್ಟೋ ಜನರ ನಡಿಗೆಯನ್ನು ನಡೆದಿರುತ್ತಾನೆ, ಹೊಟ್ಟೆಯಲ್ಲಿ ಅವರೆಲ್ಲರ ಊಟವನ್ನೂ ಉಂಡಿರುತ್ತಾನೆ. ಹಸಿದೇನೆಂದು ಹೆದರಿ ಒಯ್ದ ಚಕ್ಕುಲಿ ಪ್ರತಿ ವರ್ಷ ಹಾಗೇ ಮನೆಗೆ ವಾಪಸು ಬಂದು, ಪುಡಿಯಾಗಿ ಸಾರಿಗೆ ಬೀಳುತ್ತದೆ.

ಈ ಸಲ ಬೆಣ್ಣೆಯ ಸುದ್ದಿ ನಮಗಿಂತ ಮುಂದೆ ಹೋಗಿತ್ತು. ಮೊದಲ ರಾತ್ರಿ ನಮ್ಮ ಮನೆಯ ಫ್ರಿಜ್ಜಿನಲ್ಲಿಟ್ಟು, ನಡುವೆ ಎದ್ದು ನೋಡಿ, ಹೆಂಡತಿಯಿಂದ ಬೈಸಿಕೊಂಡದ್ದಾಯಿತು. ಮಾರನೇ ದಿನ ದಾರಿಯಲ್ಲೆಲ್ಲ ಫೋನು ಓಡಾಡಿತು. ತೆರಕಣಾಂಬಿಯಲ್ಲಿ ನಾವು ಉಳಿಯುವ ಮನೆಯ ಯಜಮಾನರು ನನ್ನನ್ನು ಕಂಡವರೇ ಆರೋಗ್ಯ ವಿಚಾರಿಸಿದರು, ಬೆಣ್ಣೆಯದು. ಒದ್ದೆ ಮರಳಿನ ಮೇಲೆ ಮಡಕೆ, ಮಡಕೆಯಲ್ಲಿ ನೀರು, ನೀರಿನಲ್ಲಿ ಡಬ್ಬಿ. ಮೂರನ್ನೂ ಸಿದ್ಧ ಮಾಡಿಟ್ಟಿದ್ದರು. ನನಗೆ ಜಗಲಿ ಸಿಕ್ಕಿತು. ನನ್ನ ಹೆಸರು ಮಹದೇವಸ್ವಾಮಿ ಎಂಬುದು ಅಲ್ಲಿಗೆ ಎಲ್ಲರಿಗೂ ಮರೆತುಹೋಗಿ ನಾನು 'ಬೆಣ್ಣೆಯೋರು' ಆಗಿದ್ದೆ. ಅದರಲ್ಲೇನೂ ಬೇಸರವಿಲ್ಲ. ನಮ್ಮ ಕಡೆ ಬೀದಿಯಲ್ಲಿ ನಿಂತು ಮಹದೇವಸ್ವಾಮಿ ಎಂದು ಕೂಗಿದರೆ ಅರ್ಧ ಬೀದಿ ತಿರುಗಿ ನೋಡುತ್ತದೆ; ಬೆಣ್ಣೆಯೋರು ಎಂದರೆ ನಾನೊಬ್ಬನೇ.

ತೆರಕಣಾಂಬಿ ದಾಟಿದ ಮೇಲೆ ಮೈಸೂರಿನ ನಾಲ್ವರು ಯುವಕರು ಸಿಕ್ಕರು. ಎರಡೂ ಕೈಯಲ್ಲಿ ಮಡಚುವ ಕೋಲು, ಬೆನ್ನಿನ ಚೀಲದಿಂದ ನೇರ ಬಾಯಿಗೆ ಬರುವ ನೀರಿನ ಪೈಪು. ನಮ್ಮ ದಾರಿ ಯಾವ ಆ್ಯಪಿನಲ್ಲಿದೆ, ತಪ್ಪದ ಹಾಗೆ ಹೇಗೆ ಹೋಗುತ್ತೀರಿ ಎಂದು ಕೇಳಿದರು. ಶಿವಮಲ್ಲಣ್ಣ ತುಸು ಯೋಚಿಸಿ, "ರೋಡ್ ಅದಲ್ಲಪ್ಪ," ಎಂದ. ಅವರು ನಮ್ಮ ಜೊತೆಯೇ ನಡೆದರು. ಮುಂದಿನ ಮನೆಯಲ್ಲಿ ಮಜ್ಜಿಗೆಗೆ ಪೈಪು ತೆಗೆದಿಟ್ಟು ಲೋಟ ಹಿಡಿದರು.

ಗುಂಡ್ಲುಪೇಟೆ ಸೇರುವಾಗ ನೆತ್ತಿಯ ಮೇಲೆ ಬಿಸಿಲು. ಎರಡೂ ಕಡೆ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು. ಕೇರಳದ ಕಾರುಗಳು ನಿಂತು, ಜನ ಹೂವಿನ ನಡುವೆ ಹಲ್ಲು ತೋರಿಸುತ್ತಿದ್ದರು. ನನಗೆ ಹೂ ಕಾಣಲಿಲ್ಲ. ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಏನೋ ಮೆಲ್ಲಗೆ ಹೊರಳಿದ ಹಾಗಾಯಿತು.

"ಲಾ ಮಾದೇವ, ಅದೇನ್ ರೇಡಿಯೋನ್ಲಾ?" ಎಂದ ಶಿವಮಲ್ಲಣ್ಣ.

ಊಟಿ ರಸ್ತೆಯಲ್ಲಿ ಬಾಲಣ್ಣನ ಹೋಟೆಲು ಇದೆ. ಅವನು ಮಲಯಾಳಿ. ಅವನ ತಂದೆ ಈ ಊರಿಗೆ ಬಂದು ಟೀ ಅಂಗಡಿ ಇಟ್ಟವರು. ಬಿಸಿಲಿಳಿಯುವವರೆಗೆ ನಾವು ಅಲ್ಲಿ ಕೂರುವುದು ವಾಡಿಕೆ. ಡಬ್ಬಿ ಕಂಡದ್ದೇ ಅವನು ಫ್ರಿಜ್ಜು ತೆರೆದ. ಒಳಗೆ ಮೀನು. ನಾನು ಡಬ್ಬಿಯನ್ನು ಎದೆಗೆ ಅವಚಿಕೊಂಡೆ. ಇಡು ಎನ್ನಲು ಪುಟ್ಟತಾಯವ್ವನ ಭಯ, ಬೇಡ ಎನ್ನಲು ಬಾಲಣ್ಣನ ದಾಕ್ಷಿಣ್ಯ, ಸುಮ್ಮನಿರಲು ಬೆಣ್ಣೆಯ ಆತಂಕ. ಬಾಲಣ್ಣ ನನ್ನ ಮುಖ ನೋಡಿದ. "ಬೆಣ್ಣೆ ಕೃಷ್ಣನಿಗಲ್ಲವಾ ಸ್ವಾಮಿ? ಹಾಗಾದ್ರೆ ನಮ್ಮ ಗುರುವಾಯೂರಪ್ಪನಿಗೇ ಆಯ್ತು," ಎಂದು, ಮೀನನ್ನೆಲ್ಲ ಹೊರಗೆ ತೆಗೆದು, ಫ್ರಿಜ್ಜು ತೊಳೆಸಿ, ನಡುವೆ ಡಬ್ಬಿಯೊಂದನ್ನೇ ಇಟ್ಟ. ಹೊರಗೆ ಬಂದ ಮೀನು ಕಾಯುತ್ತದೆಯೇ? ಅವತ್ತು ಅವನ ಹೋಟೆಲಿನಲ್ಲಿ ಮೀನಿನ ಊಟ ಎಂದಿಗಿಂತ ಬೇಗ ಶುರುವಾಯಿತು. ರಸ್ತೆಯಲ್ಲಿ ಹೋಗುವ ಕಾರುಗಳನ್ನು ನಿಲ್ಲಿಸಿ ಬಡಿಸಿದ. ನಾವು ಒಂದು ಮೂಲೆಯಲ್ಲಿ ಮೂಗು ಬೇರೆ ಕಡೆ ತಿರುಗಿಸಿಕೊಂಡು ಮೊಸರನ್ನ ತಿಂದೆವು. ಹೊರಡುವಾಗ ಅವನೂ, ತನ್ನ ಹೆಸರಲ್ಲೊಂದು ಕೈ ಮುಗಿಯಿರಿ ಎಂದ.

ಹಂಗಳದಲ್ಲಿ ಆ ರಾತ್ರಿ ಕಳೆದು ಶನಿವಾರ ಬೆಳಿಗ್ಗೆ ಬೆಟ್ಟದ ಬುಡ ಮುಟ್ಟಿದೆವು. ಇಲ್ಲೊಂದು ತಮಾಷೆಯಿದೆ. ಅಷ್ಟೆಲ್ಲ ನಡೆದು ಬಂದವರು ಬೆಟ್ಟವನ್ನು ಮಾತ್ರ ನಡೆದು ಹತ್ತುವಂತಿಲ್ಲ. ಹುಲಿಯ ಕಾಡು, ಬಸ್ಸಿನಲ್ಲೇ ಹೋಗಬೇಕು. ಶಿವಮಲ್ಲಣ್ಣನಿಗೆ ಇದು ಪ್ರತಿ ವರ್ಷದ ಬೇಸರ. ಪ್ರತಿ ವರ್ಷ ನನಗೆ ಇದಕ್ಕಿಂತ ಹಿತವಾದ ನಿಯಮ ಇನ್ನೊಂದಿಲ್ಲ ಎನಿಸುತ್ತದೆ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಬಳಿ ಕೂತೆ. ತಿರುವಿಗೊಂದು ತಿರುವು ಏರಿದಂತೆ ಮಂಜು ಒಳಗೆ ಬಂತು, ಬೆರಳು ಸೆಟೆದವು. ಮೇಲೆ ಇಳಿದು ಬಟ್ಟೆ ಬಿಚ್ಚಿ ನೋಡಿದೆ. ದಾರಿಯಲ್ಲಿ ಮೆತ್ತಗಾಗಿದ್ದ ಬೆಣ್ಣೆ ಬೆಟ್ಟದ ಚಳಿಗೆ ಮತ್ತೆ ಗಟ್ಟಿಯಾಗಿ, ಮೇಲೆ ಪುಟ್ಟತಾಯವ್ವನ ಬೆರಳಿನ ಗುರುತೂ ಅಳಿಯದೆ ಕೂತಿತ್ತು. ನನ್ನ ಬದುಕಿನಲ್ಲಿ ನಾನು ಹೆದರಿದ್ದೇನೂ ಆಗದೆ ಮುಗಿದ ಕೆಲಸಗಳಲ್ಲಿ ಅದರಷ್ಟು ಚೆಂದದ್ದು ಇನ್ನೊಂದಿಲ್ಲ.

ಗರ್ಭಗುಡಿಯ ಮುಂದೆ ನಿಂತಾಗ ಎದೆ ತುಂಬಿಬಂದಿತ್ತು. ಹಿಂದಿನಿಂದ ಜನ ನೂಕುತ್ತಿದ್ದರು. ಅರ್ಚಕರು ಡಬ್ಬಿ ತೆಗೆದುಕೊಂಡು, ನನ್ನ ಕಡೆ ನೋಡದೆಯೇ, ಹೆಸರು ಎಂದರು.

ನೀವು ಚಿಂತೆಯ ಮನುಷ್ಯರಾಗಿದ್ದರೆ ಇದು ಅರ್ಥವಾಗುತ್ತದೆ. ಬಿ.ಪಿ. ಏರಿದಾಗ, ಮಗಳ ಫಲಿತಾಂಶ ತಡವಾದಾಗ, ಏನೂ ಆಗದಿದ್ದಾಗ ಅದೇಕೆ ಏನೂ ಆಗಲಿಲ್ಲ ಎಂದು ಭಯವಾದಾಗ, ಎಲ್ಲ ದೇವಸ್ಥಾನಗಳಲ್ಲೂ ಅರ್ಚನೆ ಮಾಡಿಸಿದ ನಾಲಿಗೆ ನನ್ನದು. "ಮಹದೇವಸ್ವಾಮಿ, ಅನುರಾಧಾ ನಕ್ಷತ್ರ, ವೃಶ್ಚಿಕ ರಾಶಿ," ಎಂದು ಒಂದೇ ಉಸಿರಿಗೆ ಒಪ್ಪಿಸಿಬಿಟ್ಟೆ. ಮಂಗಳಾರತಿ ಆಯಿತು. ತೀರ್ಥ ತೆಗೆದುಕೊಂಡೆ. ಡಬ್ಬಿಯಲ್ಲಿ ಒಂದಿಷ್ಟು ಬೆಣ್ಣೆ ಪ್ರಸಾದವಾಗಿ ವಾಪಸು ಬಂತು. ಬಸ್ಸು ಅರ್ಧ ಬೆಟ್ಟ ಇಳಿದ ಮೇಲೆ ಶಿವಮಲ್ಲಣ್ಣ, "ಕರಿನ ಎಸ್ರು ಏಳ್ದಾ?" ಎಂದ. ತಿರುವಿನಲ್ಲಿ ವಾಲಿದ್ದು ಬಸ್ಸು ಮಾತ್ರವಲ್ಲ.

ದಿನಗಟ್ಟಲೆ ನಡೆದ ದಾರಿಯನ್ನು ಬಸ್ಸು ಮಧ್ಯಾಹ್ನದೊಳಗೆ ಹಿಂದಕ್ಕೆ ಸುತ್ತಿಟ್ಟಿತು. ಬಾಲಣ್ಣನ ಹೋಟೆಲು, ಮಡಕೆಯ ಮನೆ, ಬಾಳೆಯ ಮಂಡಿ ಒಂದೊಂದಾಗಿ ಕಿಟಕಿಯಲ್ಲಿ ಹಾದು ಹೋದಾಗ ಇಷ್ಟು ಜನ ಕಾಪಾಡಿದ ಬೆಣ್ಣೆಯನ್ನು ನಾನು ನನ್ನ ಹೆಸರಿಗೆ ಮಾಡಿಸಿಕೊಂಡೆನಲ್ಲ ಎಂದು ಕಿಟಕಿಯಿಂದ ಮುಖ ಹಿಂದೆ ಸರಿಸಿಕೊಂಡೆ. ಆ ಕರುವಿಗೇನಾದರೂ ಆದರೆ ಎಂಬ ಯೋಚನೆ ಚಾಮರಾಜನಗರ ಬಂದರೂ ನನ್ನನ್ನು ಇಳಿಯಗೊಡಲಿಲ್ಲ. ನೇರ ಉಮ್ಮತ್ತೂರಿಗೇ ಹೋದೆ.

ಪುಟ್ಟತಾಯವ್ವ ಹಟ್ಟಿಯ ಮುಂದೆ ಕಾಲು ಚಾಚಿ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಕರು ಹಗ್ಗ ಜಗ್ಗುತ್ತಿತ್ತು. ಡಬ್ಬಿ ಕೊಟ್ಟೆ, ನಡೆದದ್ದನ್ನು ಹೇಳಿದೆ. ನಕ್ಷತ್ರ ರಾಶಿಯನ್ನೂ ಬಿಡದೆ ಹೇಳಿದೆ. ಅವರು ಎಣ್ಣೆಯ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. ಆಮೇಲೆ ಅವರ ಭುಜ ಕುಲುಕತೊಡಗಿತು. ನಗುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಬುಡು ಕಣಪ್ಪ. ದನ ಕಾಯೋನಲ್ವಾ ಅವ್ನು? ಬೆಣ್ಣ ಎಲ್ಲಿಂದ ಬಂತು ಅಂತ ಗೊತ್ತಿರ್ತದ. ಕರಿನ ಜತ್ಗ ನಿನ್ನೂ ಮಂದೆಗ ಸೇರುಸ್ಕಂಡಿರ್ತನ." ಬೆರಳಿನಲ್ಲಿ ಪ್ರಸಾದ ತೆಗೆದು ಕರುವಿನ ಬಾಯಿಗೆ ಸವರಿದರು, ಉಳಿದದ್ದನ್ನು ನನ್ನ ಅಂಗೈಗೆ ಹಾಕಿದರು. "ಮುಂದಿನ್ ವರ್ಸ ನಾನೇ ಓಯ್ತಿನಿ. ನೀನು ಡಬ್ಬಿ ಒತ್ಕಂಡ್ ಬಾ. ಬಾಯಿ ಮಾತ್ರ ತಗೀಬ್ಯಾಡ."

ಚೆಲುವಿ ಬಂದು ನನ್ನ ಅಂಗೈಯನ್ನೂ ನೆಕ್ಕಿತು. ಒರಟು ನಾಲಿಗೆ, ಬಿಸಿ ಉಸಿರು. ಮಂದೆಯಲ್ಲಿರುವ ದನ ನಾಳೆಯ ಚಿಂತೆ ಮಾಡಿದ್ದನ್ನು ನಾನು ಕಂಡಿಲ್ಲ. ಕಾಯುವವನೊಬ್ಬ ಇದ್ದಾನೆಂದು ಮೇಯುತ್ತದೆ, ಮಲಗುತ್ತದೆ. ಇಷ್ಟು ವರ್ಷ ಕಂತು ಕಟ್ಟಿಸಿ ಬೇರೆಯವರಿಗೆ ಕೊಡಿಸುತ್ತಿದ್ದ ನಿಶ್ಚಿಂತೆಯನ್ನು ಬೇರೊಬ್ಬರ ಬೆಣ್ಣೆಯಿಂದ ಪಡೆದು ಮನೆಗೆ ಬಂದೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಬೆಳಗಿನ ಕಾಫಿ ಕಾಸುವಾಗ ಮಾತ್ರ ಸಣ್ಣದೊಂದು ಅನುಮಾನ ಹುಟ್ಟಿತು. ನಮ್ಮ ಜಿಲ್ಲೆಯಲ್ಲಿ ಇಷ್ಟೊಂದು ಮಹದೇವಸ್ವಾಮಿಗಳಿದ್ದಾರಲ್ಲ, ಗೋಪಾಲಸ್ವಾಮಿ ಮಂದೆಗೆ ಸೇರಿಸಿಕೊಂಡದ್ದು ಯಾರನ್ನೋ. ವಿಳಾಸವನ್ನೂ ಹೇಳಿಬಿಡಬೇಕಿತ್ತು.