ಎಂಟನೆಯ ಸೀಟಿನ ಮಬ್ರೂಕ್

ಬೀರ್ ಝಿತೂನ್ ಎಂಬ ಊರಿನ ವ್ಯಾನ್ ನಿಲ್ದಾಣದಲ್ಲಿ ಪ್ರಯಾಣಿಕರನ್ನು ಕೂಗಿ ಕರೆಯುವ ಮಬ್ರೂಕನನ್ನು ಬರಿಯ ಬೊಬ್ಬೆಗಾರನೆಂದು ತಳ್ಳಿಹಾಕುವವರು ಮೊದಲು ಆ ಕಂಠವನ್ನು ಕೇಳಿ ಬರಬೇಕು; ಅವನು "ಟ್ಯೂನಿಸ್, ಟ್ಯೂನಿಸ್!" ಎಂದರೆ ಸಂತೆಯ ಕುರಿಗಳು ಬೆಚ್ಚುತ್ತವೆ, ಬೆಟ್ಟದಾಚೆಯ ಅಮೃತಶಿಲೆಯ ಗಣಿಯಲ್ಲಿ ಸುತ್ತಿಗೆಗಳು ಗಳಿಗೆ ಹೊತ್ತು ನಿಲ್ಲುತ್ತವೆಂದು ಊರೇ ಆಣೆಯಿಡುತ್ತದೆ. "ಏನಜ್ಜಿ, ಹುಂಜಕ್ಕೂ ಸೀಟು ಬೇಕಾ? ತೊಡೆ ಮೇಲೆ ಕೂರಿಸ್ಕೊ, ನಿನ್ನ ಅಳಿಯನಿಗಿಂತ ಅದೇ ಮರ್ಯಾದಸ್ಥ!" ಎನ್ನುತ್ತಲೇ ಅಜ್ಜಿಯ ಆಲಿವ್ ಎಣ್ಣೆಯ ಡಬ್ಬವನ್ನು ತಾನೇ ಹೊತ್ತು ಒಳಗಿಡುತ್ತಾನೆ. ಎಂಟು ಜನ ತುಂಬದೆ ವ್ಯಾನು ಹೊರಡಕೂಡದು, ಊರ ಅಂಚು ದಾಟಿದ ಮೇಲೆ ಹಿಂತಿರುಗಕೂಡದು: ಇದು ಅಲ್ಲಿಯ ಕಟ್ಟಳೆ, ಸಡಿಲಿಸಿದ ಚಾಲಕನಿಲ್ಲ. ಮೊನ್ನೆ ಏಳನೆಯವಳಾಗಿ ಹತ್ತಿದ ಝೊಹ್ರಾ ಎಂಬ ತಾಯಿಯ ಮಡಿಲಲ್ಲಿ ಉಸಿರಿಗೆ ಒದ್ದಾಡುವ ಮಗುವಿತ್ತು. ದೊಡ್ಡಾಸ್ಪತ್ರೆ ಇದ್ದುದು ಟ್ಯೂನಿಸಿನಲ್ಲಿ. ಮಬ್ರೂಕ್ ಕೂಗಿದ, ಮತ್ತೆ ಕೂಗಿದ. ಸುಡುವ ಬಿಸಿಲಿಗೆ ಯಾರೂ ಬರಲಿಲ್ಲ. "ಇನ್ನೊಬ್ರು ಬರ್ಲಿ, ಮಾವ," ಎಂದ ಚಾಲಕ. "ಬಂದಾಯ್ತಲ್ಲೋ, ಕಣ್ಣು ಕಾಣ್ಸಲ್ವಾ? ನಾನೇ ಎಂಟನೆಯವ್ನು, ನಡಿ!" ಎಂದು ಮಬ್ರೂಕ್ ಒಳಗೆ ಕುಳಿತು ಬಾಗಿಲೆಳೆದುಕೊಂಡ. ಹೀಗೆ ಹತ್ತುವುದು, ಟ್ಯೂನಿಸಿನವರೆಗಿನ ಪೂರ್ತಿ ಬಾಡಿಗೆ ಕೊಟ್ಟು, ವ್ಯಾನು ಇನ್ನು ಹಿಂತಿರುಗದ ಊರ ಅಂಚಿನಲ್ಲಿ ಇಳಿಯುವುದು, ನಡೆದು ಮರಳುವುದು ಅವನ ಹಳೆಯ ಪದ್ಧತಿ. ಅವನ ಯೌವನದಲ್ಲಿ ಆ ಅಂಚು ಎಣ್ಣೆಗಾಣದ ಗೋಡೆಯಾಗಿತ್ತು; ಆಮೇಲೆ ಇಟ್ಟಿಗೆಯ ಭಟ್ಟಿ, ಆಮೇಲೆ ಕಾಲೇಜು; ಈಗ ಅದು ಸಿಮೆಂಟ್ ಉಗ್ರಾಣಗಳನ್ನೂ ದಾಟಿಹೋಗಿದೆ. ಊರು ಬೆಳೆಯಿತೆಂದು ಎಲ್ಲರೂ ಹಿಗ್ಗುತ್ತಾರೆ. ಅದು ಎಷ್ಟು ಬೆಳೆಯಿತೆಂಬುದನ್ನು ಮುದಿ ಮೊಣಕಾಲುಗಳಿಂದ ಅರಿತವನು ಮಾತ್ರ, ಅಂದೂ ಅಲ್ಲೇ ಇಳಿದು, ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದು, ನಿಲ್ದಾಣದತ್ತ ಹೆಜ್ಜೆ ಹಾಕಿದ.